ವನಸ್ ಆಂಡಾ?

ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಾಗ ಏಳುವ ವಾಸನೆಗೆ ಹೆಸರಿಲ್ಲ. ಸುಟ್ಟ ಹಿಟ್ಟು, ಎಣ್ಣೆ, ಈರುಳ್ಳಿ ಎಲ್ಲ ಸೇರಿದ ಉಗಿ ಅದು. ಕಳೆದ ವಾರ ಮುಂಬೈಯ ಅಂಧೇರಿ ಸ್ಟೇಷನ್ ಬಳಿಯ ಹೋಟೆಲಿನ ಮೆಟ್ಟಿಲು ಹತ್ತುವಾಗ ಅದು ಮೂಗಿಗೆ ಬಡಿಯಿತು. ಬೇರೆಯವರಿಗಾದರೆ ಹಸಿವಾಗುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು: ಈಗ ಚಿಮುಕಿಸಿದ್ದು ಎರಡು ಚಮಚ ನೀರಾದರೂ ಇದ್ದೀತು, ಸುಮ್ಮನೆ ಹಬೆಯಾಗಿ ಹೋಯಿತಲ್ಲ! ದಿನಕ್ಕೆ ಒಂದು ಲೀಟರ್ ನೀರಿನಲ್ಲಿ ಬದುಕುವವನ ತಲೆ ಹೀಗೇ ಓಡುತ್ತದೆ. ಕೊನೆಯ ಮೆಟ್ಟಿಲ ಮೇಲೆ ನಿಂತು ಎರಡು ವರ್ಷದ ಹಿಂದಿನ ಮಳೆಗಾಲಕ್ಕೆ ಹೋಗಿಬಂದೆ.

ಆ ಮಳೆಗಾಲದಲ್ಲಿ ನಾನು ಯಾರನ್ನೂ ನಂಬುತ್ತಿರಲಿಲ್ಲ. ನನ್ನನ್ನೂ ಯಾರೂ ನಂಬುತ್ತಿರಲಿಲ್ಲ. ಅವರಿಗೆ ಹೆಚ್ಚು ಒಳ್ಳೆಯ ಕಾರಣಗಳಿದ್ದವು.

ದನಿ ಕದಿಯುವುದು ನನ್ನ ಕಸುಬು. ಅಂಧೇರಿಯ ಡಬ್ಬಿಂಗ್ ಸ್ಟುಡಿಯೋದಲ್ಲಿ ಕಾರ್ಟೂನುಗಳಿಗೆ ಕನ್ನಡ ಮಾತಾಡಿಸುತ್ತೇನೆ. ಮೊಸಳೆ ನಾನೇ, ಮುದಿ ಮಾಂತ್ರಿಕ ನಾನೇ, ಹಲ್ಲುನೋವಿನ ಕರಡಿಯೂ ನಾನೇ. ಅಪ್ಪ ಅವ್ವ ಧಾರವಾಡ ಕಡೆಯವರು. ಅಪ್ಪ ವಿಕ್ರೋಳಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನನಗೆ ಇಪ್ಪತ್ನಾಲ್ಕು ತುಂಬುವಷ್ಟರಲ್ಲಿ ಎರಡೂ ಕಿಡ್ನಿಗಳು ಸದ್ದಿಲ್ಲದೆ ಕೆಲಸ ನಿಲ್ಲಿಸಿದ್ದವು. ನನ್ನ ಮೈಯಲ್ಲಿ ಸದ್ದಿಲ್ಲದೆ ನಡೆದ ಕೆಲಸ ಅದೊಂದೇ. ಅವ್ವನಿಗೆ ಸಕ್ಕರೆ ಕಾಯಿಲೆ, ಅಪ್ಪನಿಗೆ ಹೃದಯದ ತೊಂದರೆ. ಇಬ್ಬರ ಕಿಡ್ನಿಯೂ ಬೇಡವೆಂದರು ಡಾಕ್ಟರು. ಉಳಿದದ್ದು ಕಿಡ್ನಿಗೆ ಕಾಯುವವರ ಪಟ್ಟಿ. ಎಲ್ಲೋ ಯಾರೋ ತೀರಿಕೊಂಡು, ಅವರ ಮನೆಯವರು ಅಳುತ್ತಲೇ ಒಪ್ಪಿ, ನನ್ನ ಸರದಿ ಬರುವವರೆಗೆ ಸೋಮವಾರ, ಬುಧವಾರ, ಶುಕ್ರವಾರ ದಾದರಿನ ಆಸ್ಪತ್ರೆಯಲ್ಲಿ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್, ದಿನಕ್ಕೆ ಒಂದೇ ಲೀಟರ್ ನೀರು.

ನಾನು ನೀರು ಕದಿಯುತ್ತೇನೆ ಎಂಬುದು ಮನೆಯಲ್ಲಿ ಅವ್ವನ ಖಾಯಂ ಗುಮಾನಿ. ಬಾಟಲಿಯ ಮೇಲೆ ಕಪ್ಪು ಮಾರ್ಕರಿನಲ್ಲಿ ಗೆರೆ ಎಳೆದಿಡುತ್ತಿದ್ದಳು.

“ಗೆರಿ ಇಲ್ಲಿತ್ತು. ನೀರು ಇಲ್ಲೆ ಅದ. ನಡುವಿಂದು ಏನ್ ರೆಕ್ಕಿ ಕಟಗೊಂಡು ಹಾರಿ ಹೋತೇನ?”

“ಆವಿ ಆಗಿರ್ಬೇಕವ್ವಾ.”

“ಮುಂಬೈ ಮಳಿಗಾಲದಾಗ ಅರಿವೀನ ಒಣಗೂದಿಲ್ಲ, ನಿನ್ನ ಬಾಟ್ಲಿ ನೀರು ಆವಿ ಆಗತದ? ಬಾಯಿ ತಗಿ. ನಾಲಿಗಿ ತೋರ್ಸು.”

ನಾನು ಮೊಸಳೆಯ ದನಿಯಲ್ಲಿ ಬಾಯಿ ತೆರೆಯುತ್ತಿದ್ದೆ. ಅವ್ವ ನಗುತ್ತಿರಲಿಲ್ಲ. ನಾಲಿಗೆ ನೋಡಿಯೇ ಬಿಡುತ್ತಿದ್ದಳು.

ಹೊರಗೆ ಮಾತ್ರ ನೀರೋ ನೀರು. ರಸ್ತೆಯಲ್ಲಿ ಮೊಣಕಾಲುದ್ದ ನೀರು, ರೈಲು ಹಳಿಗಳ ಮೇಲೆ ನೀರು, ಎದುರು ಕೂತವರ ಛತ್ರಿಯ ತುದಿಯಿಂದ ಹನಿಹನಿ ನೀರು. ಲೋಕಲ್ ಬಾಗಿಲಲ್ಲಿ ನಿಂತು ಮಳೆಗೆ ನಾಲಿಗೆ ಚಾಚಿದರೆ ಅದನ್ನು ಲೀಟರಿಗೆ ಸೇರಿಸಬೇಕೋ ಬೇಡವೋ ಎಂದು ಡಾಕ್ಟರನ್ನು ಕೇಳಬೇಕೆಂದಿದ್ದೆ. ಕೇಳಲಿಲ್ಲ, ಸೇರಿಸು ಎಂದುಬಿಟ್ಟರೆ? ಆಸ್ಪತ್ರೆಯ ತೂಕದ ಯಂತ್ರ ಚಾಡಿಕೋರ. ಎರಡು ಡಯಾಲಿಸಿಸ್ ನಡುವೆ ಏರಿದ ತೂಕವೆಲ್ಲ ಕುಡಿದ ನೀರೇ ಎಂದು ಎಲ್ಲರೆದುರು ಸಾರುತ್ತಿತ್ತು. ಮೂರೂವರೆ ಕಿಲೋ ಏರಿದ್ದರೆ “ಸಾಡೇ ತೀನ್ ಕಿಲೋ!” ಎಂದು ಟೆಕ್ನಿಷಿಯನ್ ಪಾಟೀಲ್ ಕೂಗುತ್ತಿದ್ದ. “ಅರೇ ಬಾಪ್, ಪೂರಾ ಅರಬ್ಬೀ ಸಮುಂದರ್ ಪೀ ಕೆ ಆಯಾ ಕ್ಯಾ?” ಅವನ ಮೂಗಿನ ದನಿಯಲ್ಲೇ ನಾನು “ಯಂತ್ರ ಖರಾಬ್ ಹೈ” ಎನ್ನುತ್ತಿದ್ದೆ. ಅವನು ಅದೇ ಯಂತ್ರದ ಮೇಲೆ ತಾನು ನಿಂತು ತೋರಿಸುತ್ತಿದ್ದ. ಖರಾಬಾಗಿರಲಿಲ್ಲ.

ಪಕ್ಕದ ಕುರ್ಚಿ ಸಂಜೀವಣ್ಣನದು. ಉಡುಪಿ ಕಡೆಯ ನಲವತ್ತೆಂಟರ ಮನುಷ್ಯ, ಮನೆಮಾತು ತುಳು. ಅಂಧೇರಿಯ ಈ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದೋಸೆ ಹೊಯ್ದವರು. ಕಾವಲಿಯ ಬಿಸಿಗೆ ಬಾಯಾರುತ್ತದೆಂದು ಮಾಲೀಕರು ಅವರನ್ನು ಎಬ್ಬಿಸಿ ಕೂಪನ್ ಹರಿಯುವ ಕೌಂಟರಿನಲ್ಲಿ ಕೂರಿಸಿದ್ದರು. “ಕಾಗದ ಹರಿಯುವ ಕೆಲಸ ಮಾರಾಯ, ಮೇಕೆ ಸಾ ಮಾಡ್ತದೆ ಅದನ್ನು” ಎಂದು ಮುಖ ಹುಳಿ ಮಾಡುತ್ತಿದ್ದರು. ಸ್ಟುಡಿಯೋ ಇದ್ದ ದಿನ ನಾನು ಅವರಲ್ಲಿಗೆ ಹೋಗುತ್ತಿದ್ದೆ. ಒಂದು ಕಪ್ ಕಾಫಿ, ಎರಡು ಲೋಟ. ಅವರು ಹೊಯ್ಯುವುದು, ನಾನು ಬಗ್ಗಿ ಮಟ್ಟ ನೋಡುವುದು, “ನಿಮ್ಮದ್ರಾಗ ಒಂದು ಗುಟುಕು ಜಾಸ್ತಿ ಅದ” ಎನ್ನುವುದು, ಅವರು ಲೋಟ ಅದಲು ಬದಲು ಮಾಡುವುದು. ಮದುವೆಗೆ ಮುಂಚೆ ಜಾತಕ ನೋಡುವವರೂ ಅಷ್ಟು ಸೂಕ್ಷ್ಮವಾಗಿ ನೋಡಲಾರರು. ತಳದ ನೊರೆಯವರೆಗೆ ನೆಕ್ಕದೆ ನಾನು ಲೋಟ ಕೆಳಗಿಟ್ಟದ್ದಿಲ್ಲ.

ಅವರದು ನಾಲ್ಕನೇ ವರ್ಷ, ನನ್ನದು ಎರಡನೆಯದು. ಇಬ್ಬರದೂ ಒಂದೇ ರಕ್ತದ ಗುಂಪು. ಅಂದರೆ ಆಸ್ಪತ್ರೆಯ ಪಟ್ಟಿಯಲ್ಲಿ ಅವರು ನನ್ನ ಮೇಲೆ, ನಾನು ಅವರ ಕೆಳಗೆ. ಅದು ಇಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಡಯಾಲಿಸಿಸ್ ವಾರ್ಡಿನಲ್ಲಿ ಒಂದು ಕುರ್ಚಿ ಖಾಲಿಯಾದರೆ ಅದಕ್ಕೆ ಎರಡೇ ಅರ್ಥ. ಯಾವುದೆಂದು ಕೇಳುವ ಧೈರ್ಯವಿಲ್ಲದೆ ಎಲ್ಲರೂ ಪಾಟೀಲನ ಮುಖ ನೋಡುತ್ತಿದ್ದೆವು. ಸಂಜೀವಣ್ಣನ ಕೈಯಲ್ಲಿ ಸೂಜಿ ಚುಚ್ಚುವ ರಕ್ತನಾಳ ಎರಡು ಸಲ ಮುಚ್ಚಿಹೋಗಿ, ಮೂರನೆಯದನ್ನು ತೋಳಿನಲ್ಲಿ ಮಾಡಿದ್ದರು. ಅದೂ ಹೋದರೆ ಮುಂದೆಲ್ಲಿ ಎಂದು ಡಾಕ್ಟರೇ ತಲೆ ಕೆರೆದುಕೊಂಡದ್ದನ್ನು ನಾನು ಕಂಡಿದ್ದೆ. ಅಂಥ ಮನುಷ್ಯನ ಮೇಲೆ ನಾನು ಹೂಡಿದ ಆಟವನ್ನು ಈಗ ಹೇಳಬೇಕು.

ಪಟ್ಟಿ ನೋಡಿಕೊಳ್ಳುತ್ತಿದ್ದವರು ವಿದ್ಯಾ ಮೇಡಂ, ಕೋಆರ್ಡಿನೇಟರ್. ಕಿಡ್ನಿ ಬಂದರೆ ಫೋನು ಬರಬೇಕಾದದ್ದು ಅವರದೇ. ಅವರೂ ತುಳುವಿನವರು. ಏನು ಹೇಳುವ ಮೊದಲೂ “ಗಾಬರಿ ಮಾಡ್ಬೇಡಿ, ಹಾಂ?” ಎಂದು ಎಳೆಯುವರು, ಆ ‘ಹಾಂ’ ಕೇಳಿದರೇ ಗಾಬರಿಯಾಗುತ್ತಿತ್ತು. ನನ್ನ ಗಂಟಲಿಗೆ ಅದು ಒಂದೇ ದಿನದಲ್ಲಿ ಕೂತಿತು. ಆಷಾಢದ ಒಂದು ಮಂಗಳವಾರ ಸ್ಟುಡಿಯೋದಲ್ಲಿ ಕರೆಂಟು ಹೋಗಿ ಎಲ್ಲರೂ ಕೈಕಟ್ಟಿ ಕೂತಿದ್ದಾಗ, ಸೌಂಡ್ ಎಂಜಿನಿಯರನ ಫೋನಿನಿಂದ ಸಂಜೀವಣ್ಣನಿಗೆ ಮಾಡಿದೆ.

“ಗಾಬರಿ ಮಾಡ್ಬೇಡಿ, ಹಾಂ? ಕಿಡ್ನಿ ಬಂದುಂಟು. ಏನೂ ತಿನ್ಬೇಡಿ. ಹೊರಡಿ.”

ಎರಡು ಕ್ಷಣ ಬಿಟ್ಟು ಕರಡಿಯ ದನಿಯಲ್ಲಿ ನಗಬೇಕೆಂದಿದ್ದೆ. ಅಷ್ಟರಲ್ಲಿ ಆ ಕಡೆ ಫೋನು ಕಟ್ಟಾಗಿತ್ತು. ಮತ್ತೆ ಮಾಡಿದೆ, ಎತ್ತಲಿಲ್ಲ. ಹತ್ತು ಸಲ ಮಾಡಿದೆ. ಓಡಿ ಹೋಟೆಲಿಗೆ ಹೋದರೆ ಕೌಂಟರಿನಲ್ಲಿ ಅರ್ಧ ಹರಿದ ಕೂಪನ್ ಪುಸ್ತಕವಿತ್ತು, ಸಂಜೀವಣ್ಣ ಇರಲಿಲ್ಲ. ಮಳೆಯಲ್ಲಿ ಟ್ಯಾಕ್ಸಿ ಹಿಡಿದು ಹೆಂಡತಿಯನ್ನೂ ಕರೆದುಕೊಂಡು ದಾದರಿಗೆ ಹೋಗಿದ್ದರು.

ಮರುದಿನ ಸಂಜೀವಣ್ಣ ಪಕ್ಕದ ಕುರ್ಚಿಯಲ್ಲಿದ್ದರು. ಗಡ್ಡ ನುಣ್ಣಗೆ ಬೋಳಿಸಿತ್ತು. ನಿನ್ನೆ ಆಸ್ಪತ್ರೆಗೆಂದು ಬೋಳಿಸಿದ್ದೇ ಇರಬೇಕು. ನಾನು ಪಾಟೀಲನ ದನಿ ಮಾಡಿದೆ, ನಗಲಿಲ್ಲ. ನಾಲ್ಕನೇ ಗಂಟೆಯಲ್ಲಿ ಅವರೇ ಬಾಯಿ ತೆರೆದರು.

“ವಿದ್ಯಾ ಮೇಡಂ ಕೇಳಿದ್ರು, ಯಾರು ಫೋನ್ ಮಾಡಿದ್ದು ಅಂತ.”

“ಏನಂದ್ರಿ?”

“ನಾನೇ ಕನಸು ಕಂಡದ್ದು ಅಂದೆ. ನಿನ್ನ ಹೆಸರು ಹೇಳಿದ್ರೆ ನಿನ್ನನ್ನು ಪಟ್ಟಿಯಿಂದ ತೆಗೀತಾರಾ ಏನೋ, ಯಾರಿಗೆ ಗೊತ್ತು.”

“ಅಣ್ಣಾ, ಅವರು ನಿಮ್ಮ ಜೋಡಿ ಯಾವಾಗ್ಲೂ ತುಳು ಮಾತಾಡ್ತಾರ. ನಾ ಕನ್ನಡದಾಗ ಮಾತಾಡಿದೆ. ಅಷ್ಟೂ ಗೊತ್ತಾಗ್ಲಿಲ್ಲೇನು?”

“ಕಿಡ್ನಿ ಬಂದುಂಟು ಅಂತ ಕೇಳಿದ ಮೇಲೆ ಯಾವ ಭಾಷೆ ಅಂತ ನೋಡ್ಲಿಕ್ಕೆ ಪುರುಸೊತ್ತುಂಟಾ ಮಂಗ?” ಎಂದರು. ಆಮೇಲೆ ಬೆರಳೆತ್ತಿದರು. “ಇನ್ನು ಫೋನ್ ಬಂದ್ರೆ ಮೊದಲು ನಾನೊಂದು ಕೇಳ್ತೇನೆ. ವನಸ್ ಆಂಡಾ?”

ಊಟ ಆಯ್ತಾ ಎಂದು ತುಳುವಿನಲ್ಲಿ. ಆಯ್ತು ಎನ್ನಲು ‘ಆಂಡ್’ ಎನ್ನಬೇಕು. ಅದರ ಕೊನೆಯಲ್ಲಿ ‘ಉ’ ಆಗಲಿಕ್ಕೆ ಹೋಗಿ ಅರ್ಧಕ್ಕೇ ನಿಂತ ಒಂದು ಸ್ವರ ಇದೆ. ಮೊಸಳೆ, ಮಾಂತ್ರಿಕರನ್ನೆಲ್ಲ ನುಂಗಿದ ನನ್ನ ಗಂಟಲಲ್ಲಿ ಅದು ಮಾತ್ರ ಇಳಿಯಲಿಲ್ಲ. ಆ ಇಡೀ ಶ್ರಾವಣ ಪ್ರಯತ್ನಿಸಿದೆ. ಒಮ್ಮೆ ‘ಆಂಡು’ ಆಗುತ್ತಿತ್ತು, ಒಮ್ಮೆ ‘ಆಂಡ’. ಪ್ರತಿ ಸಲವೂ ಸಂಜೀವಣ್ಣ ಸೂಜಿ ಇಲ್ಲದ ಕೈಯಿಂದ ತೊಡೆ ತಟ್ಟಿ ನಗುತ್ತಿದ್ದರು. “ನೋಡಿದಿಯಾ? ನನ್ನ ಬೀಗ ಗಟ್ಟಿ ಉಂಟು.”

ಚೌತಿಯ ಮರುದಿನ, ಗುರುವಾರ. ಸ್ಟುಡಿಯೋದಿಂದ ಬೇಗ ಬಿಟ್ಟಿದ್ದರು. ಹನ್ನೆರಡರ ಸುಮಾರಿಗೆ ಗೊತ್ತಿಲ್ಲದ ನಂಬರಿನಿಂದ ಫೋನು. ಹೆಂಗಸಿನ ದನಿ, ಮರಾಠಿ ಬೆರೆತ ಹಿಂದಿ. ತಾನು ಸ್ವಾತಿ, ವಿದ್ಯಾ ಮೇಡಂ ಚೌತಿಗೆ ಊರಿಗೆ ಹೋಗಿದ್ದಾರೆ, ಅವರ ಬದಲಿಗೆ ತಾನು ಎಂದಿತು ಆ ದನಿ. ಒಂದು ಕಿಡ್ನಿ ಬಂದಿದೆ, ಕೂಡಲೇ ಹೊರಡಬೇಕು. “ಖಾನಾ ಹುವಾ ಕ್ಯಾ ಆಪ್ಕಾ?”

ಊಟದ ಮಾತು ಬಂದದ್ದೇ ನನಗೆ ಗುಮಾನಿ. ಸಂಜೀವಣ್ಣ ಯಾರೋ ಹೆಂಗಸನ್ನು ಹಿಡಿದು ಸೇಡು ತೀರಿಸುತ್ತಿದ್ದಾರೆ! “ನಿಮ್ಮ ನಿರ್ದೇಶಕ ಸಂಜೀವಣ್ಣನಿಗೆ ಹೇಳಿ, ಆ್ಯಕ್ಟಿಂಗ್ ಇನ್ನೂ ಸುಧಾರಿಸ್ಬೇಕು ಅಂತ” ಎಂದು ಹಿಂದಿಯಲ್ಲೇ ಅಂದೆ.

ಆ ಕಡೆಯಿಂದ ನಿಟ್ಟುಸಿರು. “ದೇವಾ! ಆಜ್ ಸಬ್ ಪಾಗಲ್ ಹೋ ಗಯೇ ಕ್ಯಾ?” ಎಂದವಳೇ ಒಂದೇ ಉಸಿರಿಗೆ ಹೇಳಿಕೊಂಡಳು. ಪಟ್ಟಿಯಲ್ಲಿ ನನಗಿಂತ ಮೇಲಿದ್ದವರಿಗೆ ಮೊದಲು ಫೋನು ಮಾಡಿದ್ದಳಂತೆ. ಅವರು ‘ವನಸ್ ವನಸ್’ ಎಂದು ಏನೋ ಕೇಳಿದರಂತೆ. ಇವಳಿಗೆ ತಿಳಿಯದೆ, ತಾನು ಕೇಳಬೇಕಾದ್ದನ್ನು ಕೇಳಿದಳಂತೆ: “ಜೇವಣ ಝಾಲಂ ಕಾ?” ಅಷ್ಟಕ್ಕೇ ಅವರು ಗಹಗಹಿಸಿ ನಕ್ಕು, ಮಂಗ ಮಂಗ ಎಂದು ಕೂಗಿ ಫೋನು ಬಂದ್ ಮಾಡಿದರಂತೆ. ನಾಲ್ಕು ಸಲ ಮಾಡಿದರೂ ಸ್ವಿಚ್ ಆಫ್. “ಅಬ್ ಆಪ್ ಪಹಿಲಾ ನಂಬರ್. ಢಾಯೀ ಬಜೇ ತಕ್ ಆವೋ. ಕುಛ್ ಖಾನೇಕಾ ನಹೀ, ಪೀನೇಕಾ ನಹೀ.” ಎರಡೂವರೆಯೊಳಗೆ, ಏನೂ ತಿನ್ನದೆ ಕುಡಿಯದೆ ಬರಬೇಕು.

ನನಗೆ ತಕ್ಷಣ ತಿಳಿಯಿತು. ಮರಾಠಿಯಲ್ಲಿ ಜೇವಣ ಝಾಲಂ ಕಾ ಎಂದರೂ ಊಟ ಆಯ್ತಾ ಎಂದೇ ಅರ್ಥ. ಅರಿವಳಿಕೆ ಕೊಡುವ ಮೊದಲು ಯಾವ ಆಸ್ಪತ್ರೆಯೂ ಕೇಳುವ ಪ್ರಶ್ನೆ. ಸಂಜೀವಣ್ಣನಿಗೆ ಮಾತ್ರ, ಧಾರವಾಡದ ಮಂಗ ತನ್ನ ತುಳು ಪರೀಕ್ಷೆಯನ್ನೇ ಮರಾಠಿಗೆ ತಿರುಗಿಸಿ ಅಣಕಿಸುತ್ತಿದೆ ಎನ್ನಿಸಿತ್ತು.

“ಆ ರಹಾ ಹೂಂ” ಎಂದೆ. ಮೇಲಿನವರು ಯಾರು, ಎಲ್ಲಿದ್ದಾರೆ ಎಂದು ನನಗೆ ಗೊತ್ತಿದೆ ಎನ್ನಲಿಲ್ಲ. ಅವಳು ಕೇಳಲಿಲ್ಲವಲ್ಲ.

ಸ್ಟುಡಿಯೋದಿಂದ ಅಂಧೇರಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಹೋಟೆಲು. ನಾನು ಎದುರಿನ ಫುಟ್‌ಪಾತಿನಲ್ಲಿ, ಛತ್ರಿಯನ್ನು ಆ ಕಡೆಗೇ ವಾಲಿಸಿ ನಡೆದೆ. ಛತ್ರಿಯ ಅಂಚಿನ ಕೆಳಗೆ ಕೌಂಟರು, ಅದರ ಮೇಲೆ ಸಂಜೀವಣ್ಣನ ಎರಡು ಕೈ ಕಾಣಿಸಿದವು. ಕೂಪನ್ ಹರಿಯುತ್ತಿದ್ದವು.

ಚರ್ಚ್‌ಗೇಟ್ ಕಡೆಯ ಸ್ಲೋ ಲೋಕಲ್ ನಿಂತಿತ್ತು. ಹತ್ತಿದೆ. ರೈಲು ಹೊರಟಿತು. ತಲೆಯೊಳಗೆ ಅವ್ವ ಮಾತಾಡತೊಡಗಿದಳು: “ಅಂವಾ ಫೋನ್ ಬಂದ್ ಮಾಡಿದ್ರ ನೀ ಏನ್ ಮಾಡ್ತಿ? ನಿನ್ನ ತಪ್ಪೇನದ? ಹೋಗಪ್ಪಾ, ಸುಮ್ನ ಹೋಗು.” ಕೇಳಲು ಹಿತವಾಗಿತ್ತು. ವಿಲೆ ಪಾರ್ಲೆ ಹೋಯಿತು. ಆಮೇಲೆ ಎಲ್ಲೋ ಒಂದು ಎಳೆ ತಪ್ಪಿದಂತಾಯಿತು. ಅವ್ವ ನನಗೆ ಎಂದಾದರೂ “ನಿನ್ನ ತಪ್ಪೇನದ” ಎಂದಿದ್ದಾಳೆಯೇ? ತೊಟ್ಟಿಲಲ್ಲಿದ್ದಾಗಲೂ ಅಂದಿರಲಾರಳು. ದನಿ ಅವಳದು, ಮಾತು ನನ್ನದು. ಊರಿಗೆಲ್ಲ ಮೋಸ ಮಾಡುವ ವಿದ್ಯೆಯನ್ನು ನನ್ನ ಮೇಲೇ ಪ್ರಯೋಗಿಸುತ್ತಿದ್ದೆ, ಅದೂ ಕಳಪೆಯಾಗಿ.

ಸಾಂತಾಕ್ರೂಜ್‌ನಲ್ಲಿ ಇಳಿದೆ. ಇಳಿದರೂ ತಕ್ಷಣ ವಾಪಸು ಹೊರಟೆ ಎನ್ನಲಾರೆ. ಬೆಂಚಿನ ಮೇಲೆ ಕೂತೆ. ಎರಡು ಲೋಕಲ್ ದಾದರಿನ ಕಡೆಗೆ ಹೋದವು. ಎರಡು ಸಲವೂ ಎದ್ದುನಿಂತೆ. ಆಮೇಲೆ ಸೇತುವೆ ದಾಟಿ ಅಂಧೇರಿಯ ರೈಲು ಹಿಡಿದೆ.

ಹೋಟೆಲು ಹೊಕ್ಕಾಗ ಒಂದು ಗಂಟೆ ದಾಟಿತ್ತು. ಸಂಜೀವಣ್ಣ ನನ್ನನ್ನು ಕಂಡದ್ದೇ ಕೌಂಟರು ಕುಟ್ಟಿ ನಕ್ಕರು. “ಬಾ ಬಾ, ಜೇವಣ ಝಾಲಂ ಕಾ! ಹೆಂಗಸಿನ ದನಿ ಫಸ್ಟ್ ಕ್ಲಾಸ್ ಇತ್ತು ಮಾರಾಯ.”

“ಅಣ್ಣಾ, ಅದು ನಾ ಅಲ್ಲ. ಖರೇನ ಕಿಡ್ನಿ ಬಂದದ.”

“ವನಸ್ ಆಂಡಾ?”

“ಅಣ್ಣಾ, ಆಟ ಅಲ್ಲಿದು!”

“ವನಸ್ ಆಂಡಾ ಅಂದೆ.”

“ಆಂಡು” ಎಂದೆ. ತಪ್ಪಾಯಿತು. ಇಡೀ ಹೋಟೆಲೇ ನಕ್ಕಿತು. ದೇವರಾಣೆ ಅಂದೆ, ಅವ್ವನಾಣೆ ಅಂದೆ; ಆಣೆ ಹಾಕುವ ದನಿಯನ್ನೂ ನಾನು ಕಾರ್ಟೂನಿಗೆ ಮಾಡಿದ್ದೆ, ಅವರು ಕೇಳಿದ್ದರು. ಕಣ್ಣಲ್ಲಿ ನೀರು ಬಂತು. “ಇದು ಹೊಸದು, ಭಾರಿ ಚಂದ ಉಂಟು” ಎಂದು ಮೆಚ್ಚಿದರು. ವೇಟರನಿಗೆ ಸನ್ನೆ ಮಾಡಿ ಎಂದಿನಂತೆ ಕಾಫಿ ತರಿಸಿ, ಎರಡು ಲೋಟಕ್ಕೆ ಹೊಯ್ದು, ಒಂದನ್ನು ನನ್ನ ಕಡೆ ಸರಿಸಿದರು. “ತಗೋ. ಇವತ್ತು ನಿನಗೇ ಒಂದು ಗುಟುಕು ಜಾಸ್ತಿ.”

ಬೆಳಗಿನಿಂದ ಒಂದು ತೊಟ್ಟು ನೀರೂ ಬಾಯಿಗೆ ಬಿದ್ದಿರಲಿಲ್ಲ. ನಾಲಿಗೆ ಚಪ್ಪಲಿಯಂತಾಗಿತ್ತು. ಕಾಫಿಯ ಹಬೆ ಮುಖಕ್ಕೆ ಬಡಿಯಿತು. ಎರಡು ಬೆರಳಲ್ಲಿ ಲೋಟವನ್ನು ಅವರ ಕಡೆಗೇ ತಳ್ಳಿದೆ.

“ಕುಡೀಬಾರ್ದು ಅಂದಾರ” ಎಂದೆ.

ಸಂಜೀವಣ್ಣ ಲೋಟ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಲೋಟ ನೋಡಿದರು. ಕೈಯಲ್ಲಿದ್ದ ಕೂಪನ್ನನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಹರಿದರು. ಆಮೇಲೆ ಎದ್ದರು.

ಲೋಕಲಿನ ತುಂಬ ಅವರದು ಒಂದೇ ವರಾತ. “ನಾನು ಬೈದದ್ದು ಒಬ್ಬ ಹೆಂಗಸಿಗಾ? ಮಂಗ ಅಂದೆನಾ? ಅಯ್ಯೋ ದೇವರೇ, ಊಟ ಸಾ ಮಾಡಿದ್ದೇನಲ್ಲ ಮಾರಾಯ!” ದಾದರಿನಲ್ಲಿ ಗಣಪತಿ ಮೆರವಣಿಗೆಯ ಡೋಲು ತಾಶೆಗಳ ನಡುವೆ ದಾರಿ ಮಾಡಿಕೊಂಡು ಹೋದೆವು. ಆಸ್ಪತ್ರೆಯಲ್ಲಿ ಸ್ವಾತಿ ಮೇಡಂ ಇವರ ಕ್ಷಮೆಯನ್ನೆಲ್ಲ ಕೇಳಿಸಿಕೊಂಡು, “ತೇ ಠೀಕ್ ಆಹೇ, ಪಣ ವನಸ್ ಮ್ಹಣಜೆ ಕಾಯ್?” ಎಂದು ಆ ವನಸ್ಸಿನ ಅರ್ಥ ಕೇಳಿದಳು. ಇಬ್ಬರ ರಕ್ತವನ್ನೂ ತೆಗೆದರು. ಊಟ ಅರಗುವಷ್ಟು ಹೊತ್ತು ಪರೀಕ್ಷೆಗೇ ಬೇಕು, ಚಿಂತೆಯಿಲ್ಲ ಎಂದರು ಡಾಕ್ಟರು. ಆ ಕಿಡ್ನಿ ಸಂಜೀವಣ್ಣನಿಗೆ ಹೊಂದದಿದ್ದರೆ ನನಗೆ. ಅಲ್ಲಿಯವರೆಗೆ ನಾನೂ ಉಪವಾಸ. ಒಂದೇ ಬೆಂಚಿನಲ್ಲಿ ಕೂತೆವು. ಅವರಿಗೆ ಹೊಂದಲಿ ಎಂದು ಬೇಡಿಕೊಂಡೆ. ಎಷ್ಟು ಸಲ ಹಾಗೆ ಬೇಡಿಕೊಂಡೆ, ಎಷ್ಟು ಸಲ ಬೇರೆ ಥರ, ಎಂದು ದಯವಿಟ್ಟು ಕೇಳಬೇಡಿ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಂದಿತು ಎಂದರು. ಸುದ್ದಿ ತಿಳಿದು ಬಂದಿದ್ದ ಸಂಜೀವಣ್ಣನ ಹೆಂಡತಿ ಗೋಡೆಗೆ ಒರಗಿ ಕೂತುಬಿಟ್ಟರು. ಸ್ವಾತಿ ಮೇಡಂ ನನ್ನ ಹತ್ತಿರ ಬಂದು, ಮೆಲ್ಲಗೆ, ಇನ್ನು ನೀವು ಊಟ ಮಾಡಬಹುದು ಎಂದಳು. ಮನೆಗೆ ಬಂದು ಬಾಟಲಿಯನ್ನು ಗೆರೆಯ ಕೆಳಗೂ, ಇನ್ನೂ ಕೆಳಗೂ ಕುಡಿದೆ. ಅವ್ವ ನೋಡಿದಳು. ನಾಲಿಗೆ ತೋರಿಸು ಎನ್ನಲಿಲ್ಲ.

ಇದೆಲ್ಲ ಆಗಿ ಎರಡು ವರ್ಷ. ನಾನು ಇನ್ನೂ ಸೋಮವಾರ, ಬುಧವಾರ, ಶುಕ್ರವಾರದವನೇ. ಪಕ್ಕದ ಕುರ್ಚಿಗೆ ಈಗ ಒಬ್ಬ ನಿವೃತ್ತ ಮೇಷ್ಟರು ಬರುತ್ತಾರೆ. ಅವರ ರಕ್ತದ ಗುಂಪು ಯಾವುದೆಂದು ಮೊದಲ ದಿನವೇ ವಿಚಾರಿಸಿಕೊಂಡೆ.

ಕಳೆದ ವಾರ ನಾನು ಮೆಟ್ಟಿಲ ಮೇಲೆ ನಿಂತಿದ್ದಾಗ ಕಾವಲಿಗೆ ನೀರು ಚಿಮುಕಿಸುತ್ತಿದ್ದವರು ಸಂಜೀವಣ್ಣ. ದಿನಕ್ಕೆರಡು ಗಂಟೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಹಟ ಹಿಡಿದು ದೋಸೆ ಹೊಯ್ಯುತ್ತಾರೆ. ನಾನು ಒಳಗೆ ಬಂದರೆ ಪಕ್ಕದ ನೀರಿನ ಚೊಂಬನ್ನು ಕಾಲಿನಿಂದ ಹಿಂದೆ ಸರಿಸುತ್ತಾರೆ. ಅವರು ಮನಸಾರೆ ನೀರು ಕುಡಿಯುವುದನ್ನು ನಾನು ಈವರೆಗೆ ಕಂಡಿಲ್ಲ.

“ಒಂದು ಕೇಳ್ಲಾ?” ಎಂದರು, ದೋಸೆ ಮಗುಚುತ್ತ. “ಆ ದಿನ ಸ್ವಾತಿ ಮೇಡಂ ನಿನಗೆ ಫೋನ್ ಮಾಡಿದ್ದು ಹನ್ನೆರಡಕ್ಕೆ. ಅವರೇ ಹೇಳಿದ್ದು. ನೀನು ಬಂದದ್ದು ಒಂದರ ಮೇಲೆ. ಸ್ಟುಡಿಯೋದಿಂದ ಇಲ್ಲಿಗೆ ಏಳು ನಿಮಿಷ.”

ಎರಡು ವರ್ಷ ಆ ಲೆಕ್ಕವನ್ನು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಕಾಫಿ ಹೊಯ್ದಿದ್ದರು! ಮೊಸಳೆಯನ್ನು ಕರೆದೆ, ಬರಲಿಲ್ಲ.

“ಸಾಂತಾಕ್ರೂಜ್ ತನಕ ಹೋಗಿದ್ದೆ” ಎಂದೆ.

ಅವರು ದೋಸೆ ಮಡಿಸಿ ತಟ್ಟೆಗೆ ಹಾಕಿದರು. ಮತ್ತೆ ನೀರು ಚಿಮುಕಿಸಿದರು. ಹಬೆಯಲ್ಲಿ ಮುಖ ಕಾಣಲಿಲ್ಲ, ದನಿ ಮಾತ್ರ ಕೇಳಿತು. “ನಾನಾದ್ರೆ ದಾದರಿನಲ್ಲೇ ಇಳೀತಿದ್ದೆ ಮಾರಾಯ.”

ಸುಳ್ಳು ದನಿ ಎಲ್ಲಿದ್ದರೂ ನನ್ನ ಕಿವಿಗೆ ಸಿಗುತ್ತದೆ. ಆ ಮಾತನ್ನು ತಿರುವಿ ಹಾಕಿ ನೋಡಿದೆ, ಇನ್ನೂ ನೋಡುತ್ತಿದ್ದೇನೆ. ನನ್ನ ಸಮಾಧಾನಕ್ಕೆ ಅಂದರೋ, ನಿಜಕ್ಕೂ ಅಂದರೋ, ತಿಳಿಯುತ್ತಿಲ್ಲ.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಸಂಜೀವಣ್ಣ ಗ್ಯಾಸ್ ಆರಿಸಿದರು. ನನ್ನ ಸ್ವಂತ ದನಿಯಲ್ಲಿ ಹಲೋ ಎಂದೆ; ಅದು ಅಷ್ಟೇನೂ ಚೆನ್ನಾಗಿಲ್ಲ.

ಯಾವುದೋ ಹುಡುಗಿ. ನೀರು ಶುದ್ಧ ಮಾಡುವ ಯಂತ್ರ ಮಾರುವ ಕಂಪನಿಯವಳು. ನಾನು ಮಧ್ಯೆ ಬಾಯಿ ಹಾಕಲಿಲ್ಲ, ಕಟ್ ಮಾಡಲಿಲ್ಲ. ಅವಳ ಮಾತು ಪೂರ್ತಿ ಮುಗಿಯುವವರೆಗೆ ಕೇಳಿಸಿಕೊಂಡೆ. ಕೊನೆಗೆ ಅವಳು ಹಿಂದಿಯಲ್ಲಿ, ತುಂಬ ವಿನಯದಿಂದ, ಸರ್, ನೀವು ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದಳು.

“ಒಂದು ಲೀಟರ್” ಎಂದೆ. ಸಂಜೀವಣ್ಣ ನನ್ನನ್ನೇ ನೋಡುತ್ತಿದ್ದರು. “ಸ್ವಲ್ಪ ಜಾಸ್ತಿ” ಎಂದು ತಿದ್ದಿದೆ.